ಕಾಜಾ ಅಕ್ಕನ ಬೆರಳು, ಮಾಸ್ಟರ ಗಂಟಲ ಗುಂಡಿ

ಹಳೆಯ ಕಾಲದ ವೀರರಿಗೆ ಬಿಲ್ಲಿತ್ತು, ಗದೆಯಿತ್ತು, ಏನೂ ಇಲ್ಲದವರಿಗೆ ಮೀಸೆಯಾದರೂ ಇತ್ತು. ನಮ್ಮ ಬೀದಿಯ ವೀರಾಗ್ರಣಿಗೆ ಇದ್ದದ್ದು ಒಂದು ತೋರುಬೆರಳು. ಬಲಗೈಯದು. ಸೂಜಿ ಚುಚ್ಚಿಸಿಕೊಂಡು ತುದಿ ಜರಡಿಯಾದ, ಉಗುರಿನ ಸಂದಿಯಲ್ಲಿ ಸದಾ ಒಂದೆಳೆ ದಾರ ಸಿಕ್ಕಿಕೊಂಡಿರುವ, ನೋಡಿದರೆ ಯಾರೂ ಹೆದರದಂಥ ಬೆರಳು. ಆದರೆ ಅದು ಮೇಲೆದ್ದು ಒಬ್ಬರ ಕಡೆ ತಿರುಗಿತೆಂದರೆ ಮುಗಿಯಿತು. ಆ ಮನುಷ್ಯ ಕೈಲಿದ್ದ ಕೆಲಸ ಬಿಟ್ಟು, ಅವಳು ಹೇಳಿದ ಕೆಲಸ ಮಾಡಿ ಮುಗಿಸಿ, ಆಮೇಲೆ 'ನಾನ್ಯಾಕೆ ಮಾಡಿದೆ?' ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಮಲಗುವ, ಯಾರ ಗದರಿಕೆಗೂ ಕದಲದ ನಾಯಿ ಕೂಡ ಆ ಬೆರಳು ಕಂಡರೆ ಎದ್ದು, ಆಕಳಿಸಿ, ದಾರಿ ಬಿಡುತ್ತಿತ್ತು. ಒಂದು ಸಲ ಮಳೆಗೂ ತೋರಿಸಿದಳಂತೆ. ಒಣಗಹಾಕಿದ ಬಟ್ಟೆ ಒಳಗೆ ಬರುವವರೆಗೆ ಅದು ತಡೆದು ನಿಂತಿತಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಹೇಳಿದ್ದು ಅವಳ ಗಂಡ. ಹೆಂಡತಿಯ ವಿಷಯದಲ್ಲಿ ಸುಳ್ಳು ಹೇಳುವಷ್ಟು ಧೈರ್ಯ ಆ ಮನುಷ್ಯನಿಗಿಲ್ಲ.

ಅವಳನ್ನು ಎಲ್ಲರೂ ಕರೆಯುವುದು ಕಾಜಾ ಅಕ್ಕ ಎಂದು. ನಮ್ಮಣ್ಣನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅವಳ ಕೆಲಸ. ಕೋಟು ಎಷ್ಟೇ ದೊಡ್ಡ ಮನುಷ್ಯನದಾಗಿರಲಿ, ಗುಂಡಿ ತೂರುವ ಆ ಸೀಳು ಸರಿಯಿಲ್ಲದಿದ್ದರೆ ಮಾನ ಹೋದ ಹಾಗೇ ಎನ್ನುವುದು ಅವಳ ಸಿದ್ಧಾಂತ. ಬಾಗಿಲ ಪಕ್ಕ ಬೆಳಕು ಬೀಳುವಲ್ಲಿ ಒಂದು ಕುಳ್ಳ ಸ್ಟೂಲು, ಮಡಿಲಲ್ಲಿ ಯಾರದ್ದೋ ಅಂಗಿ, ಪಕ್ಕದಲ್ಲಿ ಗುಂಡಿಗಳ ತಗಡಿನ ಡಬ್ಬ. ಆಳು ಕುಳ್ಳಿ. ನಿಂತರೂ ಕೂತರೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ನಮ್ಮ ಅಂಗಡಿಯ ಇಸ್ತ್ರಿಯವನು ಹಿಂದಿನಿಂದ ಹೇಳುತ್ತಿದ್ದ. ಮುಂದೆ ನಿಂತು ಹೇಳುವ ಎದೆಗಾರಿಕೆ ಅವನಿಗೂ ಇರಲಿಲ್ಲ.

ಬೆರಳಿನ ಹುಟ್ಟು ಹೀಗೆ. ನಮ್ಮಲ್ಲಿಗೆ ಬರುವ ಮೊದಲು ಅವಳು ದೊಡ್ಡ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಸಾಲುಸಾಲು ಹೆಂಗಸರ ನಡುವೆ ಕೂತು ಗುಂಡಿ ಹಾಕುತ್ತಿದ್ದಳು. ಒಂದು ಬಿಸಿಲ ದಿನ ಮುಂದಿನ ಸಾಲಿನವಳೊಬ್ಬಳು ತಲೆ ತಿರುಗಿ ಬಿದ್ದಳು. 'ಯಾರಾದ್ರೂ ನೀರು ತನ್ನಿ', 'ಯಾರಾದ್ರೂ ಡಾಕ್ಟರನ್ನ ಕರೀರಿ' ಎಂದು ಇಡೀ ಕಾರ್ಖಾನೆ ಕೂಗಿತು. ಎಲ್ಲರೂ ಕೂಗಿದರು, ಯಾರೂ ಹೋಗಲಿಲ್ಲ. ಇಷ್ಟು ಜನರಲ್ಲಿ ಯಾರೋ ಒಬ್ಬರು ಹೋಗಿಯೇ ಇರುತ್ತಾರೆ ಎಂದು ಪ್ರತಿಯೊಬ್ಬರಿಗೂ ನಂಬಿಕೆ. ಬಿದ್ದವಳು ಕೊನೆಗೆ ತಾನೇ ಎದ್ದು ಕೂತು, 'ನೀರು ಎಲ್ಲಿ?' ಅಂದಳಂತೆ.

ಸ್ವಲ್ಪ ದಿನದ ಮೇಲೆ ಕಾರ್ಖಾನೆಯವರು ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟರು. ಕಾಜಾ ಅಕ್ಕ ಹೋದದ್ದು ಸೇವಾಭಾವದಿಂದ ಅಲ್ಲ. ತರಬೇತಿಯ ಕೋಣೆಯಲ್ಲಿ ಒಳ್ಳೆಯ ಫ್ಯಾನಿತ್ತು. ಅರ್ಧ ಹೊತ್ತು ತೂಕಡಿಸಿದಳಂತೆ. ಎಚ್ಚರವಿದ್ದ ಅರ್ಧದಲ್ಲಿ ಕಲಿಸುವ ಹೆಂಗಸು ಹೇಳಿದ ಒಂದು ಮಾತು ಮಾತ್ರ ತಲೆಗೆ ಗೂಟ ಹೊಡೆದ ಹಾಗೆ ಕೂತಿತು: 'ಅಪಾಯದಲ್ಲಿ ಗುಂಪಿಗೆ ಕೆಲಸ ಹೇಳಬೇಡಿ. ಒಬ್ಬರ ಕಡೆ ಬೆರಳು ತೋರಿಸಿ, ನೀನು, ಈ ಕೆಲಸ ಅನ್ನಿ.' ಕಾಜಾ ಅಕ್ಕನಿಗೆ ಜ್ಞಾನೋದಯವಾಯಿತು. ಅಪಾಯ ಬರುವವರೆಗೂ ಕಾಯುವುದು ಯಾಕೆ ಎಂದು ಅವತ್ತೇ ಸಂಜೆ ಮನೆಯಲ್ಲಿ ಶುರುಮಾಡಿದಳು.

ಅಲ್ಲಿಂದ ಆ ಮನೆಯಲ್ಲಿ 'ಯಾರಾದ್ರೂ' ಎಂಬ ಮಾತೇ ಸತ್ತುಹೋಯಿತು. 'ನೀನು, ಬಾಗಿಲು.' 'ನೀನು, ಹಾಲಿನ ಪಾತ್ರೆ.' ಟೆಂಪೋ ಓಡಿಸಿ ದಣಿದು ಬಂದ ಗಂಡ ಚಪ್ಪಲಿ ಬಿಡುವಷ್ಟರಲ್ಲಿ ಬೆರಳು ಸಿದ್ಧ. 'ನಮ್ಮನೇಲಿ ಗಾಳಿಗೂ ಡ್ಯೂಟಿ ಹಾಕಿದಾಳೆ ಕಣಯ್ಯ' ಎಂದು ಅವನು ಗೋಳಾಡುತ್ತಿದ್ದ. ಹಿರಿಯರಿಗೆ ಬೆರಳು ತೋರಿಸುವುದು ತಪ್ಪು ಎಂಬುದು ಅವಳಿಗೂ ಗೊತ್ತು. ಹಾಗಾಗಿ ಅತ್ತೆಗೆ ತೋರಿಸುವಾಗ ಬೆರಳನ್ನು ಸ್ವಲ್ಪ ಬಗ್ಗಿಸುತ್ತಿದ್ದಳು. ಅದೇ ಮರ್ಯಾದೆ. ಅತ್ತೆಯೂ ಜಾಣೆ. ಬಗ್ಗಿದ ಬೆರಳು ಕಂಡೊಡನೆ ಕಿವಿ ಮಂದ ಮಾಡಿಕೊಳ್ಳುತ್ತಿದ್ದರು.

ಇನ್ನು ನಮ್ಮಣ್ಣ. ಬೀದಿಯವರಿಗೆಲ್ಲ ಅವನು ಮಾಸ್ಟರು. ಎತ್ತರದ ಆಳು, ಅದಕ್ಕೆ ತಕ್ಕ ಅಗಲ. ಹೊಟ್ಟೆಯಂತೂ ಅವನಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಅವನದೊಂದು ಅಭ್ಯಾಸ, ಹೊಲಿಗೆಯವರಲ್ಲಿ ಬಹಳ ಜನಕ್ಕೆ ಇರುವಂಥದ್ದೇ. ಕೈ ಎರಡೇ, ಸಾಮಾನು ಹತ್ತು. ಹಾಗಾಗಿ ಬಾಯಿಯೇ ಡ್ರಾಯರು. ಗುಂಡುಪಿನ್ನು, ಸೂಜಿ, ಗುಂಡಿ, ಎಲ್ಲವೂ ತುಟಿಗಳ ನಡುವೆ. ಅದೇ ಬಾಯಿಯ ಒಂದು ಮೂಲೆಯಿಂದ ಗಿರಾಕಿಗೆ 'ಕೈ ಎತ್ತಿ' ಅನ್ನುತ್ತಿದ್ದ, ಇನ್ನೊಂದು ಮೂಲೆಯಿಂದ ನನಗೆ ಬೈಯುತ್ತಿದ್ದ. ಅವನ ತಮ್ಮನಾಗಿ ಅಲ್ಲೇ ಮಿಷನ್ ತುಳಿಯುತ್ತಿದ್ದ ನನಗೆ ಆ ಎರಡನೆಯ ಮೂಲೆ ಚೆನ್ನಾಗಿ ಪರಿಚಯ.

ಅಂಗಡಿಯ ಹಿಂಬದಿಯ ಮೇಜು ಇಸ್ತ್ರಿಯವನದು. ಬಿದಿರು ಗಳುವಿನ ಹಾಗೆ ಉದ್ದ, ತೆಳ್ಳಗೆ. ಕೈಗಳಂತೂ ಒಂದು ಅಳತೆ ಹೆಚ್ಚೇ ಕತ್ತರಿಸಿದ ತೋಳಿನ ಹಾಗೆ ಮಂಡಿ ಮುಟ್ಟುತ್ತಿದ್ದವು. ಅವನಿಗೂ ಅಣ್ಣನಿಗೂ ಮಾತಿರಲಿಲ್ಲ. ಯಾವತ್ತೋ ಒಂದು ಕಾಲರು ಸುಟ್ಟಿತ್ತು. ಇಸ್ತ್ರಿ ಜಾಸ್ತಿ ಕಾದಿತ್ತು ಎಂದು ಅಣ್ಣ, ಬಟ್ಟೆಯೇ ಕಳಪೆ ಎಂದು ಇಸ್ತ್ರಿಯವನು. ಅಂದಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಒಂದೇ ಕೋಣೆ, ಒಂದೇ ಫ್ಯಾನು, ಆದರೆ ಮಾತು ಮಾತ್ರ ಸುತ್ತು ಹಾಕಿಕೊಂಡು ಬರುತ್ತಿತ್ತು. ಇಸ್ತ್ರಿಯವನು ಹೇಳಬೇಕಾದ್ದನ್ನು ಇಸ್ತ್ರಿ ಪೆಟ್ಟಿಗೆಗೆ ಹೇಳುತ್ತಿದ್ದ: 'ಈ ಪ್ಯಾಂಟಿನ ಮಡಿಕೆ ಎಲ್ಲಿಗೆ ಬರಬೇಕೋ, ಹೇಳೋರು ಹೇಳಲಿ.' ಅಣ್ಣ ಬಾಯಿ ಬಿಡುತ್ತಿರಲಿಲ್ಲ. ಕೈಸನ್ನೆ, ಕಣ್ಸನ್ನೆಯಲ್ಲೇ ಉತ್ತರ. ಬೇಡ ಎಂದರೆ ಕೈ ಬೀಸುವುದು, ಬೇಗ ಎಂದರೆ ಚಿಟಿಕೆ, ಸಿಟ್ಟು ಬಂದರೆ ಎರಡೂ ಕೈ ಮೇಲೆತ್ತಿ ಕಣ್ಣು ಕೆಂಪಗೆ ಮಾಡುವುದು. ನಾವೆಲ್ಲ ಆ ಮೂಕಿ ಸಿನಿಮಾಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ ಕೊನೆಕೊನೆಗೆ ಯಾರೂ ತಲೆಯೆತ್ತಿ ನೋಡುತ್ತಲೂ ಇರಲಿಲ್ಲ.

ಇದೇ ಒಗ್ಗಿಕೆ ಅಣ್ಣನ ಪ್ರಾಣಕ್ಕೆ ಕುತ್ತು ತಂದಿತು.

ಅವತ್ತು ಮಧ್ಯಾಹ್ನ, ನಮ್ಮಲ್ಲಿ ಕೋಟು ಹೊಲಿಸುತ್ತಿದ್ದ ಸಾಹೇಬರೊಬ್ಬರು ಕೊನೆಯ ಟ್ರಯಲ್‌ಗೆ ಬಂದಿದ್ದರು. ಹೊಸ ಕೆಲಸಕ್ಕೆ ಸೇರುವ ಉತ್ಸಾಹದ ಕೋಟು. ಅವರು ಪ್ರತಿ ಟ್ರಯಲ್‌ಗೂ ಒಂದಿಷ್ಟು ಊದಿಕೊಂಡೇ ಬರುತ್ತಿದ್ದರು. ಅಣ್ಣ ಪ್ರತಿ ಸಲವೂ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದ. ಈಗ ಅವರು ಕನ್ನಡಿಯ ಮುಂದೆ, ಒಂದು ತೋಳು ಕೂಡಿಸಿದ, ಇನ್ನೊಂದು ತೋಳು ಇಲ್ಲದ ಕೋಟು ತೊಟ್ಟು, ಉಸಿರು ಹಿಡಿದು ನಿಂತಿದ್ದರು. ಅಣ್ಣ ಕಾಜಾ ಅಕ್ಕನ ಡಬ್ಬದಿಂದ ಕೋಟಿನ ದಪ್ಪ ಗುಂಡಿಯೊಂದನ್ನು ಆರಿಸಿ ತುಟಿಗಳ ನಡುವೆ ಇಟ್ಟುಕೊಂಡು, ಅವರ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಅತ್ತಿಗೆ ಆಗಷ್ಟೇ ಮನೆಯಿಂದ ಬಂದು ನೀರಿನ ಹೂಜಿ ತುಂಬಿಸುತ್ತಿದ್ದರು.

ಆಗ ಹಿಂದಿನಿಂದ ಇಸ್ತ್ರಿಯವನು ತನ್ನ ಪೆಟ್ಟಿಗೆಗೆ ಮೆಲ್ಲಗೆ ಹೇಳಿದ: 'ಕೋಟು ಯಾವತ್ತೋ ಮುಗಿದಿದೆ ಕಣಪ್ಪ. ಗಿರಾಕೀನೇ ಇನ್ನೂ ರೆಡಿಯಾಗಿಲ್ಲ.'

ಅಣ್ಣನಿಗೆ ನಗು ಒತ್ತರಿಸಿ ಬಂತು. ನಗುವ ಹಾಗಿಲ್ಲ. ಗಿರಾಕಿ ಎದುರಿಗೇ ಇದ್ದಾರೆ ಎನ್ನುವುದು ಒಂದಾದರೆ, ಇಸ್ತ್ರಿಯವನ ಜೋಕಿಗೆ ನಕ್ಕರೆ ಇಷ್ಟು ದಿನ ಕಾಪಾಡಿಕೊಂಡ ಮೌನವ್ರತ ಮಣ್ಣುಪಾಲು ಎನ್ನುವುದು ಇನ್ನೊಂದು. ಕೆನ್ನೆ ಉಬ್ಬಿತು, ಭುಜ ಕುಲುಕಿತು, ಮೂಗಿನಿಂದ ಒಂದು ವಿಚಿತ್ರ ಸದ್ದು ಬಂತು, ಹಿಡಿದ ನಗು ತಪ್ಪಿಸಿಕೊಂಡು ಒಂದು ದೊಡ್ಡ ಉಸಿರು ಒಳಗೆ ಹೋಯಿತು. ಅದರ ಜೊತೆಗೆ ಗುಂಡಿಯೂ.

ಅಣ್ಣ ನಮ್ಮ ಕಡೆ ತಿರುಗಿದ. ಎರಡೂ ಕೈ ಮೇಲೆತ್ತಿ, ಕಣ್ಣು ಕೆಂಪಗೆ ಮಾಡಿ, ಇಸ್ತ್ರಿಯವನ ಕಡೆಗೇ ಹೆಜ್ಜೆ ಹಾಕಿದ. ಎರಡೂ ಕೈಯಿಂದ ತನ್ನ ಕತ್ತು ಹಿಡಿದುಕೊಂಡ.

'ನೋಡ್ರಪ್ಪ ನೋಡಿ!' ಎಂದ ಇಸ್ತ್ರಿಯವನು ಪೆಟ್ಟಿಗೆಯನ್ನು ಗುರಾಣಿಯಂತೆ ಹಿಡಿದು. 'ಒಂದು ತಮಾಷೆ ಮಾತಿಗೆ ಕತ್ತು ಹಿಸುಕ್ತೀನಿ ಅಂತಿದಾರೆ!'

'ಸಾಕು ಬಿಡ್ರೀ, ಗಿರಾಕಿ ಮುಂದೆ ಏನಿದು' ಎಂದರು ಅತ್ತಿಗೆ, ತಿರುಗಿಯೂ ನೋಡದೆ. ನಾನು ಮಿಷನ್ ನಿಲ್ಲಿಸಲಿಲ್ಲ. ಸಾಹೇಬರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಅಣ್ಣನ ಮುಖ ಕೆಂಪಿನಿಂದ ಕಪ್ಪಿಗೆ ತಿರುಗುತ್ತಿತ್ತು. ನಾವೆಲ್ಲ ಅದನ್ನು ಸಿಟ್ಟು ಎಂದುಕೊಂಡಿದ್ದೆವು.

ಕಾಜಾ ಅಕ್ಕ ಮಾತ್ರ ಸೂಜಿ ನಿಲ್ಲಿಸಿದಳು. ಅವಳೇ ಆಮೇಲೆ ಹೇಳಿದ ಹಾಗೆ, ಮಾಸ್ಟರು ಮಾತಾಡದೆ ಎಷ್ಟು ಬೈದರೂ ಮೂಗಿನಲ್ಲಿ ಭುಸಭುಸ ಇದ್ದೇ ಇರುತ್ತಿತ್ತು. ಅವತ್ತು ಅದೂ ಇರಲಿಲ್ಲ. ಸದ್ದೇ ಇಲ್ಲದ ಸಿಟ್ಟು ಅವಳು ಕಂಡಿರಲಿಲ್ಲ. ಮಡಿಲ ಅಂಗಿ ನೆಲಕ್ಕೆ ಬಿತ್ತು, ಡಬ್ಬ ಉರುಳಿ ಗುಂಡಿಗಳೆಲ್ಲ ಚೆಲ್ಲಾಡಿದವು. ಬಂದು ಅಣ್ಣನ ಎದುರು ನಿಂತಳು.

'ಮಾಸ್ಟ್ರೇ, ಗಂಟಲಲ್ಲಿ ಸಿಕ್ಕೊಂಡಿದೆಯಾ?'

ಅಣ್ಣ ಹೌದೆಂದು ತಲೆಯಾಡಿಸಿದ.

'ಕೆಮ್ಮೋಕಾಗುತ್ತಾ? ಕೆಮ್ಮಿ!'

ಬಾಯಿ ತೆರೆಯಿತು. ಏನೂ ಬರಲಿಲ್ಲ, ಗಾಳಿ ಕೂಡ.

ಆಗ ಗೊತ್ತಾಯಿತು ನಮಗೆ. ಗೊತ್ತಾದ ಕೂಡಲೇ ನಾವೆಲ್ಲ ಸೇರಿ ಅವನನ್ನು ಇನ್ನೂ ಬೇಗ ಕೊಲ್ಲಲು ಹೊರಟೆವು. ಅತ್ತಿಗೆ ಹೂಜಿ ಹಿಡಿದು ಓಡಿ ಬಂದರು. ಇಸ್ತ್ರಿಯವನು ತನ್ನ ಉದ್ದನೆಯ ಬೆರಳನ್ನು ಅಣ್ಣನ ಬಾಯಿಗೆ ಹಾಕಲು ನೋಡಿದ. ಸಾಹೇಬರು 'ಯಾರಾದರೂ ಏನಾದರೂ ಮಾಡಿ!' ಎಂದು ಕೂಗಿದರು.

ಆ 'ಯಾರಾದರೂ' ಕಿವಿಗೆ ಬಿದ್ದದ್ದೇ ತಡ, ಬೆರಳು ಎದ್ದಿತು.

'ಅತ್ತಿಗೆಮ್ಮಾ, ನೀರು ಬೇಡ, ಉಸಿರಿಲ್ಲದ ಕಡೆ ನೀರು ಹೋಗಬಾರದು. ನೀವು ಆ ಮೇಜು ಪಕ್ಕಕ್ಕೆ ತಳ್ಳಿ. ಇಸ್ತ್ರೀ, ಕೈ ತೆಗಿ! ಕಣ್ಣಿಗೆ ಕಾಣದ್ದನ್ನ ಬೆರಳು ಹಾಕಿ ಹುಡುಕಿದ್ರೆ ಇನ್ನೂ ಒಳಗೆ ಹೋಗುತ್ತೆ.' ಬೆರಳು ನನ್ನ ಕಡೆ ತಿರುಗಿತು. 'ನೀನು, ಆಂಬುಲೆನ್ಸ್‌ಗೆ ಫೋನು. ಗಂಟಲಿಗೆ ಸಿಕ್ಕೊಂಡು ಉಸಿರು ನಿಂತಿದೆ ಅನ್ನು.' ಕೊನೆಗೆ ಕನ್ನಡಿಯ ಕಡೆ. 'ನೀವು, ಒಂದು ತೋಳಿನವ್ರು, ಬೀದಿ ತಿರುವಿಗೆ ಹೋಗಿ ನಿಂತು ಗಾಡಿಗೆ ದಾರಿ ತೋರಿಸಿ.'

ಸಾಹೇಬರು ಸೀಮೆಸುಣ್ಣದ ಗೆರೆಗಳ ಸಮೇತ ಬೀದಿಗೆ ಹಾರಿದರು.

ಕಾಜಾ ಅಕ್ಕ ಅಣ್ಣನ ಪಕ್ಕಕ್ಕೆ ಬಂದು, ಒಂದು ಕೈಯಿಂದ ಅವನ ಎದೆಗೆ ಆನಿಕೆ ಕೊಟ್ಟು, 'ಮುಂದಕ್ಕೆ ಬಗ್ಗಿ' ಎಂದಳು. ಬಾಗಿದ ಬೆನ್ನಿಗೆ, ಎರಡು ಭುಜದ ಮೂಳೆಗಳ ನಡುವೆ, ಅಂಗೈಯ ಬುಡದಿಂದ ಬಾರಿಸಿದಳು. ನಮ್ಮಪ್ಪ ತೀರಿಕೊಂಡ ಮೇಲೆ ಆ ಬೆನ್ನಿಗೆ ಯಾರೂ ಕೈ ಮಾಡಿರಲಿಲ್ಲ. ಫೋನ್ ಕಿವಿಗಿಟ್ಟುಕೊಂಡು ನಿಂತ ನನಗೆ ಆ ಪೆಟ್ಟಿನ ಸದ್ದು ಹಲಗೆಗೆ ಕೊಡತಿ ಬಿದ್ದ ಹಾಗೆ ಕೇಳಿತು. ಐದು ಪೆಟ್ಟು. ಗುಂಡಿ ಕದಲಲಿಲ್ಲ. ಅಣ್ಣನ ತುಟಿ ನೀಲಿಯಾಗಿತ್ತು.

ಇನ್ನು ಹೊಟ್ಟೆಯನ್ನು ಒಳಕ್ಕೆ, ಮೇಲಕ್ಕೆ ಎಳೆದು ಒತ್ತುವ ಕೆಲಸ. ಅವಳು ಹಿಂದಿನಿಂದ ಹೋಗಿ ಅಪ್ಪಿಕೊಂಡಳು. ಇಲ್ಲಿ ನಮ್ಮ ವೀರಗಾಥೆ ಒಂದು ಕ್ಷಣ ನಿಂತುಹೋಯಿತು. ಅಣ್ಣನ ಸುತ್ತಳತೆಗೂ ಕಾಜಾ ಅಕ್ಕನ ಕೈಗಳಿಗೂ ತಾಳೆಯೇ ಇಲ್ಲ. ಬಲಗೈ ಒಂದು ಪಕ್ಕೆಯಲ್ಲಿ, ಎಡಗೈ ಇನ್ನೊಂದು ಪಕ್ಕೆಯಲ್ಲಿ; ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಮರಕ್ಕೆ ಅಂಟಿದ ಉಡದ ಹಾಗೆ ಅವಳು ಒಂದು ಸಲ ಅದುಮಿ ನೋಡಿದಳು. ಆಮೇಲೆ ಅವನ ಬೆನ್ನಿನ ಪಕ್ಕದಿಂದ ತಲೆ ಹೊರಗೆ ಬಂತು, ಬೆರಳೂ ಬಂತು.

'ಇಸ್ತ್ರೀ, ನೀನು! ಹಿಂದೆ ಬಾ. ಅಪ್ಪಿಕೋ.'

'ನಾನಾ? ನಮ್ಮಿಬ್ಬರಿಗೆ ಮಾತಿಲ್ಲ ಅಕ್ಕ...'

'ಮಾತಾಡು ಅಂದ್ನಾ ನಾನು? ಅಪ್ಪಿಕೋ ಅಂದೆ!'

ಆ ಉದ್ದನೆಯ ಕೈಗಳು ಅಣ್ಣನನ್ನು ಬಳಸಿ ಬಂದು ಮುಂದೆ ಒಂದನ್ನೊಂದು ಹಿಡಿದುಕೊಂಡವು. ಮೇಲೊಂದಿಷ್ಟು ಉಳಿದವು ಕೂಡ. ಕಾಜಾ ಅಕ್ಕ ಎದುರು ನಿಂತು ಅವನ ಮುಷ್ಟಿ ಹಿಡಿದು ಜಾಗ ಕೂಡಿಸಿದಳು. 'ಹೊಕ್ಕುಳಿಗಿಂತ ಮೇಲೆ, ಪಕ್ಕೆಲುಬಿಗಿಂತ ಕೆಳಗೆ. ಹಾಂ, ಇಲ್ಲಿ. ಇನ್ನೊಂದು ಕೈ ಮೇಲೆ. ಒಳಕ್ಕೂ ಮೇಲಕ್ಕೂ ಒಟ್ಟಿಗೆ ಎಳಿ, ಜೋರಾಗಿ. ಕಾಲರು ಸುಟ್ಟಿದ್ದು ನೆನೆಸ್ಕೋ!'

ಇಸ್ತ್ರಿಯವನು ಕಣ್ಣು ಮುಚ್ಚಿ ಎಳೆದ. ಅಣ್ಣನ ಕಾಲು ನೆಲ ಬಿಟ್ಟಿತೋ ಏನೋ. ಇನ್ನೊಮ್ಮೆ. ಅತ್ತಿಗೆ ಮೇಜಿನ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟಿದ್ದರು; ಅವರ ತುಟಿ ಅಲುಗುತ್ತಿತ್ತು, ಏನು ಹೇಳುತ್ತಿದ್ದರೋ ಕೇಳಿಸುತ್ತಿರಲಿಲ್ಲ. ಮತ್ತೊಮ್ಮೆ.

ಟಣ್ ಎಂದಿತು ಕನ್ನಡಿ. ಗುಂಡಿ ಕನ್ನಡಿಗೆ ಬಡಿದು, ಪುಟಿದು, ಚೆಲ್ಲಿದ್ದ ಗುಂಡಿಗಳ ನಡುವೆ ಹೋಗಿ ತಾನೇನೂ ಮಾಡಿಲ್ಲ ಎಂಬಂತೆ ಮಲಗಿತು. ಅದರ ಹಿಂದೆಯೇ ಒಂದು ಉಸಿರು ಬಂತು. ತುಕ್ಕು ಹಿಡಿದ ಗೇಟು ತೆರೆದ ಹಾಗೆ ಕರಕರ ಎನ್ನುವ, ಅಸಹ್ಯವಾದ ಸದ್ದು; ದೇವರಾಣೆಗೂ ಅಷ್ಟು ಇಂಪಾದದ್ದನ್ನು ನಾನು ಬೇರೆ ಕೇಳಿಲ್ಲ.

ಇಸ್ತ್ರಿಯವನು ಕಣ್ಣು ಬಿಟ್ಟಿರಲಿಲ್ಲ. ಇನ್ನೂ ಅಪ್ಪಿಕೊಂಡೇ ಇದ್ದ, ಮತ್ತೆ ಎಳೆಯಲು ಕಾಲೂರಿ ಸಿದ್ಧನಾಗುತ್ತಿದ್ದ.

'ಬಿಡೋ ಸಾಕು' ಎಂದ ಅಣ್ಣ, ಒಡಕು ದನಿಯಲ್ಲಿ.

ಇಸ್ತ್ರಿಯವನು ಬಿಡಲಿಲ್ಲ. 'ಮಾತಾಡಿದ್ರು!' ಎಂದು ಕೂಗಿದ. 'ಅಕ್ಕಾ, ನನ್ನ ಜೊತೆ ಮಾತಾಡಿದ್ರು!' ಎಂದು ಅಣ್ಣನ ಬೆನ್ನಿಗೆ ಮುಖವಿಟ್ಟು ಗೊಳೋ ಎಂದು ಅತ್ತ.

ಆಂಬುಲೆನ್ಸ್ ಬಂತು. ಅದರ ಮುಂದೆ, ಇರುವ ಒಂದೇ ತೋಳನ್ನು ಬೀಸುತ್ತಾ, ಹಿಗ್ಗಿನಿಂದ ಓಡಿಬಂದವರು ಸಾಹೇಬರು. ಅಣ್ಣ ಆಗಲೇ ಸ್ಟೂಲಿನ ಮೇಲೆ ಕೂತು, 'ನನಗೇನಾಗಿದೆ? ಸಂಜೆಗೆ ಕೋಟು ಕೊಡಬೇಕು' ಎಂದು ಶುರುಮಾಡಿದ್ದ. ಕಾಜಾ ಅಕ್ಕ ಬೆರಳನ್ನು ಸ್ವಲ್ಪ ಬಗ್ಗಿಸಿ ತೋರಿಸಿದಳು. 'ನೀವು, ಗಾಡಿ ಹತ್ತಿ. ಹೊಟ್ಟೆ ಅಷ್ಟು ಜೋರಾಗಿ ಒತ್ತಿದ ಮೇಲೆ ಒಳಗೆ ಏನಾದ್ರೂ ಪೆಟ್ಟಾಗಿದೆಯಾ ಅಂತ ಡಾಕ್ಟರು ನೋಡಲೇಬೇಕು.' ಅಣ್ಣ ಹತ್ತಿದ. ಕೈ ಹಿಡಿದುಕೊಂಡು ಇಸ್ತ್ರಿಯವನೂ ಹತ್ತಿದ. ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ, ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು ಎಂದರು. ಒತ್ತಿದ್ದು ಯಾರು ಎಂದು ಕೇಳಿದಾಗ ಇಸ್ತ್ರಿಯವನು ಎದೆಯುಬ್ಬಿಸಿ, 'ಕೈ ನಂದು, ತಲೆ ಅಕ್ಕಂದು' ಎಂದನಂತೆ.

ಈಗ ಅಂಗಡಿಯಲ್ಲಿ ಬಾಯಿ ಇರುವುದು ಮಾತಿಗೆ ಮಾತ್ರ. ಪ್ರತಿಯೊಬ್ಬರ ಪಕ್ಕದಲ್ಲೂ ಗುಂಡಿಗೆ, ಪಿನ್ನಿಗೆ ಒಂದೊಂದು ಬಟ್ಟಲು. ಅಣ್ಣನೂ ಇಸ್ತ್ರಿಯವನೂ ಈಗ ಮಾತಾಡುತ್ತಾರೆ. ಮೊದಲಿನ ಮೌನವೇ ವಾಸಿಯಿತ್ತು ಅನ್ನಿಸುವಷ್ಟು ಮಾತಾಡುತ್ತಾರೆ. ಕಾಲರಿನ ಜಗಳ ಮತ್ತೆ ಮೊದಲಿನಿಂದ ಶುರುವಾಗಿದೆ, ಈ ಸಲ ಬಾಯಿಬಿಟ್ಟು. ಒಂದು ರಜೆಯ ದಿನ ಕಾಜಾ ಅಕ್ಕ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಲ್ಲಿ ಹೊಡೆಯಬೇಕು, ಎಲ್ಲಿ ಒತ್ತಬೇಕು ಎಂದು ಕಲಿಸಿದಳು. 'ಜಾಗ ಮಾತ್ರ ತೋರಿಸಿ, ಚೆನ್ನಾಗಿರೋ ಮನುಷ್ಯನ್ನ ಒತ್ತಬಾರದು' ಎಂದು ಇಸ್ತ್ರಿಯವನಿಗೆ ಎರಡೆರಡು ಸಲ ಹೇಳಬೇಕಾಯಿತು. ಪಾಠದಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ಕೋಟಿನ ಸಾಹೇಬರು, ಎರಡೂ ತೋಳಿನ ಕೋಟು ತೊಟ್ಟು.

ಅತ್ತಿಗೆಯ ಋಣ ಬೇರೆಯ ರೀತಿಯದು. ಅಣ್ಣನ ಗೊರಕೆಗೆ ಅವರು ಮದುವೆಯಾದಂದಿನಿಂದ ಶಾಪ ಹಾಕಿದವರು. ಈಗ ಗೊರಕೆ ಕೇಳಿದರೆ ನಿದ್ದೆ ಬರುತ್ತದಂತೆ, ನಿಂತರೆ ಎಚ್ಚರವಾಗುತ್ತದಂತೆ. 'ಆ ಸದ್ದು ನನಗೆ ಅವಳು ಕೊಟ್ಟಿದ್ದು ಕಣೋ' ಎಂದು ನನ್ನ ಹತ್ತಿರ ಒಂದು ಸಲ ಹೇಳಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅದನ್ನು ಯಾರಿಗೂ ಹೇಳಬಾರದು ಎಂದರು. ಹೇಳುತ್ತಿದ್ದೇನೆ. ಅತ್ತಿಗೆ ಕ್ಷಮಿಸಬೇಕು.

ಅಣ್ಣನಿಗೆ ಮಾತ್ರ ಥ್ಯಾಂಕ್ಸ್ ಹೇಳಲು ಬಾಯಿ ಬರುತ್ತಿರಲಿಲ್ಲ. ಹೇಳಲು ಹೋದರೆ ಗದ್ಗದ, ಗದ್ಗದವಾದರೆ ಮರ್ಯಾದೆಯ ಪ್ರಶ್ನೆ. ಹೀಗೇ ದಿನ ತಳ್ಳಿದ. ಕೊನೆಗೊಂದು ಬೆಳಗ್ಗೆ ಧೈರ್ಯ ಮಾಡಿ, ಒಗೆದ ಅಂಗಿ ತೊಟ್ಟು, ಅಂಗಡಿಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡ. ಆ ಸದ್ದಿಗೆ ನಾನು ಫೋನ್ ಎತ್ತಿಕೊಂಡೆ, ಅತ್ತಿಗೆ ಮೇಜು ತಳ್ಳಿದರು, ಇಸ್ತ್ರಿಯವನು ಹಿಂದಿನಿಂದ ಬಂದು ಅಪ್ಪಿಕೊಂಡೇಬಿಟ್ಟ.

'ಲೋ, ಬಿಡೋ! ಮಾತಾಡೋಕೆ ಹೊರಟಿದೀನಿ!' ಎಂದು ಅಣ್ಣ ಕೊಡವಿಕೊಂಡ. ಆಮೇಲೆ ಬಾಗಿಲ ಕಡೆ ತಿರುಗಿದ. ಕಾಜಾ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

'ನೋಡಮ್ಮ' ಎಂದ ಅಣ್ಣ. 'ನನ್ನ ತಮ್ಮ ಇದ್ದ, ಹೆಂಡತಿ ಇದ್ಳು, ಎಲ್ಲರೂ ಸುತ್ತ ಇದ್ರು. ಆದ್ರೂ ನಾನು ಹೋಗ್ತಾ ಇದೀನಿ ಅಂತ ಕಂಡಿದ್ದು ನಿನಗೊಬ್ಬಳಿಗೇ. ಈ ಉಸಿರು ನಿನ್ನದು, ಇರೋವರೆಗೂ ಮರೆಯೋಲ್ಲ.' ಕಣ್ಣೊರೆಸಿಕೊಂಡ. 'ಒಂದು ಮಾತು ಕೇಳ್ಲಾ? ಹಿಂದಿನಿಂದ ನನ್ನ ಅಪ್ಪಿಕೊಂಡು ನಿಂತಿದ್ಯಲ್ಲ, ಆ ಹೊತ್ತಲ್ಲಿ ನಿನ್ನ ಮನಸ್ಸಲ್ಲಿ ಏನಿತ್ತು?'

ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟ. ಅತ್ತಿಗೆ ಸೆರಗು ಮೂಗಿನ ಹತ್ತಿರ ಒಯ್ದು ಸಿದ್ಧವಾದರು.

ಕಾಜಾ ಅಕ್ಕ ದಾರದ ತುದಿಗೆ ಗಂಟು ಹಾಕಿ, ಎಳೆದು ನೋಡಿ, ತಲೆಯೆತ್ತಿದಳು.

'ನೀವು ಬಿದ್ರೆ ನನ್ನ ಮೇಲೇ ಬೀಳ್ತೀರಲ್ಲ ಅಂತ ಹೆದರಿಕೆ ಆಗಿತ್ತು, ಮಾಸ್ಟ್ರೇ.'